ಲೇಕ್ ಟೆಕ್ಸೋಮಾದಲ್ಲಿ ಕ್ಯಾಂಪಿಂಗ್: ಅತ್ತೆ ಮಾವ, ಮಕ್ಕಳ ಜೊತೆ ಮೇ ಕೊನೆಯಲ್ಲಿ ಹೋಗಬಹುದಾ?

ಫ್ರಿಸ್ಕೋ_ಮಂಡ್ಯ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ಇದ್ದೇವೆ. ಮಂಡ್ಯದಿಂದ ಅತ್ತೆ ಮಾವ ಬಂದಿದ್ದಾರೆ. ದೇವಸ್ಥಾನ, ಮಾಲ್, ನೆಂಟರ ಮನೆ ಎಲ್ಲ ಆಯಿತು. ಮಾವನಿಗೆ ಮನೆಯೊಳಗೆ ಕೂತು ಕೂತು ಬೇಜಾರಾಗಿದೆ. ಗದ್ದೆ, ನಾಲೆ ಅಂತ ಓಡಾಡಿಕೊಂಡಿದ್ದವರು. "ಎಲ್ಲಾದ್ರೂ ನೀರಿರೋ ಕಡೆ ಕರ್ಕೊಂಡ್ ಹೋಗಮ್ಮ" ಅಂತ ದಿನಾ ಕೇಳುತ್ತಾರೆ.

ಮೇ ಕೊನೆಯ ಲಾಂಗ್ ವೀಕೆಂಡ್‌ಗೆ ಲೇಕ್ ಟೆಕ್ಸೋಮಾಗೆ ಹೋಗಿ ಎರಡು ರಾತ್ರಿ ಟೆಂಟ್ ಹಾಕೋಣ ಅಂತಿದ್ದೇವೆ. ಮಕ್ಕಳಿಗೆ ಒಂಬತ್ತು ಮತ್ತು ಐದು ವರ್ಷ. ಅತ್ತೆಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಒಂದು ದಿನ ಬೋಟ್ ಬಾಡಿಗೆಗೆ ತೆಗೆದುಕೊಳ್ಳುವ ಆಸೆಯೂ ಇದೆ. ನಾವು ಸಸ್ಯಾಹಾರಿಗಳು, ಅಡುಗೆ ಅಲ್ಲೇ ಮಾಡಿಕೊಳ್ಳುತ್ತೇವೆ.

ನನ್ನ ತಲೆಬಿಸಿ ಬೇರೆ. ಓದಿದ ಕಡೆಯೆಲ್ಲ ಅದು ಪ್ರವಾಹ ತಡೆಯುವ ಜಲಾಶಯ ಅಂತ ಬರೆದಿದೆ. ನೀರು ಹೆಚ್ಚಾಗಿ ಕ್ಯಾಂಪ್ ಜಾಗ ಮುಚ್ಚಿದ ಹಳೇ ಸೂಚನೆಗಳೂ ಸಿಕ್ಕವು. ಅಂಥ ಕಡೆ ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗಿ ಮಲಗುವುದು ಸರಿಯಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಪ್ಲೇನೋ_ಹಾಸನ:

ಮೊದಲ ಸಲ ಅಂದರೆ ಅಷ್ಟು ದೂರ ಯಾಕೆ? ವೈಲಿ ಹತ್ತಿರ ಲೇಕ್ ಲಾವನ್ ಇದೆಯಲ್ಲ. ನಿಮಗೆ ಒಂದು ಗಂಟೆ ಕೂಡ ಆಗಲಿಕ್ಕಿಲ್ಲ. ಬೆಳಗ್ಗೆ ಹೋಗಿ ಮಧ್ಯಾಹ್ನ ಊಟ ಮಾಡಿ ಸಂಜೆಗೆ ಮನೆಗೆ ಬರಬಹುದು. ಅದೂ ಪ್ರವಾಹ ತಡೆಯಲು ಕಟ್ಟಿದ್ದೇ. ನಮ್ಮ ನಲ್ಲಿಗೆ ಬರುವ ನೀರಿನಲ್ಲೂ ಅದರ ಪಾಲಿದೆ. ಮಾವನಿಗೆ ತೋರಿಸಿ, ಖುಷಿಪಡುತ್ತಾರೆ.

ಘಟಪ್ರಭಾ:

ಅಕ್ಕಾ, ಧೈರ್ಯವಾಗಿ ಹೋಗಿ. ಆದರೆ ಒಂದು ಸಂಖ್ಯೆಯನ್ನು ದಿನಾ ನೋಡಿಕೊಂಡು ಹೋಗಿ. ಅದೇ ನೀರಿನ ಮಟ್ಟ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಮೆಕಿನಿಯಲ್ಲಿ ಇರುವವನು. ವರ್ಷಾ ವರ್ಷಾ ಅಲ್ಲಿಗೆ ಹೋಗುತ್ತೇನೆ, ಆ ನೀರಿನ ಮೇಲೆ ನನಗೆ ತುಂಬಾ ಪ್ರೀತಿ.

ಟೆಕ್ಸೋಮಾ ಇರುವುದು ಟೆಕ್ಸಸ್ ಮತ್ತು ಒಕ್ಲಹೋಮಾ ಗಡಿಯಲ್ಲಿ. ರೆಡ್ ನದಿಗೆ ಡೆನಿಸನ್ ಊರಿನ ಹತ್ತಿರ ಅಡ್ಡ ಕಟ್ಟಿದ್ದಾರೆ. ಮಣ್ಣಿನ ಅಣೆಕಟ್ಟು, 165 ಅಡಿ ಎತ್ತರ. ಈ ಭಾಗದ ಸಂಸದ ಸ್ಯಾಮ್ ರೇಬರ್ನ್ ಇದಕ್ಕಾಗಿ ಪಟ್ಟು ಹಿಡಿದಿದ್ದರು. 1938ರಲ್ಲಿ ಕಾನೂನಿನ ಒಪ್ಪಿಗೆ ಸಿಕ್ಕಿತು, 1944ರಲ್ಲಿ ಕೆಲಸ ಮುಗಿಯಿತು. ಎರಡನೇ ಮಹಾಯುದ್ಧದ ಕಾಲ ಅದು. ಜರ್ಮನ್ ಯುದ್ಧಕೈದಿಗಳೂ ಇಲ್ಲಿ ಕೂಲಿ ಕೆಲಸ ಮಾಡಿದ್ದಾರೆ. ನೋಡಿಕೊಳ್ಳುವುದು ಅಮೆರಿಕ ಸೇನೆಯ ಇಂಜಿನಿಯರ್ ದಳ, ಅಂದರೆ ಆರ್ಮಿ ಕೋರ್ ಆಫ್ ಇಂಜಿನಿಯರ್ಸ್‌ನ ಟಲ್ಸಾ ವಿಭಾಗ.

ಈಗ ಮುಖ್ಯ ವಿಷಯ. ಮಾಮೂಲಿ ದಿನಗಳಲ್ಲಿ ನೀರನ್ನು ಸಮುದ್ರಮಟ್ಟದಿಂದ ಸುಮಾರು 617 ಅಡಿಯಲ್ಲಿ ಇಟ್ಟುಕೊಳ್ಳುತ್ತಾರೆ. ಕೋಡಿ ಇರುವುದು 640 ಅಡಿಗೆ. ನಡುವೆ 23 ಅಡಿ ಬೇಕಂತಲೇ ಖಾಲಿ. ಮೇಲೆ ಹೋದಷ್ಟೂ ಕೆರೆ ಅಗಲವಾಗುವುದರಿಂದ, ಆ 23 ಅಡಿಯಲ್ಲಿ ಹಿಡಿಸುವ ನೀರು ಕೆಳಗೆ ಈಗಾಗಲೇ ಇರುವ ನೀರಿನಷ್ಟೇ ಆಗುತ್ತದೆ. ಜೋರು ಮಳೆ ಬಂದಾಗ ನೀರು ಆ ಖಾಲಿ ಜಾಗಕ್ಕೆ ಏರುತ್ತದೆ. ಕೆಳಗಿನ ಊರುಗಳಿಗೆ ತೊಂದರೆ ಆಗದ ಹಾಗೆ ಆಮೇಲೆ ಸ್ವಲ್ಪ ಸ್ವಲ್ಪವೇ ಬಿಡುತ್ತಾರೆ.

ನಿಮ್ಮ ಟೆಂಟ್ ಹಾಕುವ ಜಾಗ ಇರುವುದು ಹೆಚ್ಚಾಗಿ ಆ ಖಾಲಿ ಪಟ್ಟಿಯಲ್ಲೇ. ಇದನ್ನು ಕೇಳಿ ಹೆದರಬೇಡಿ. ಆ ದಂಡೆಯಲ್ಲಿ ಮರಗಳು ಉಳಿದಿರುವುದೇ ಅದರಿಂದ. ಒಂದಲ್ಲ ಒಂದು ದಿನ ಮುಳುಗುವ ನೆಲ ಅಂತ ಸರ್ಕಾರ ಅದನ್ನು ಮೊದಲೇ ತನ್ನ ಕೈಯಲ್ಲಿ ಇಟ್ಟುಕೊಂಡಿತು. ಮನೆ ಕಟ್ಟಲು ಬಿಡಲಿಲ್ಲ. 1944ರ ಇನ್ನೊಂದು ಕಾನೂನು ಇಂಥ ಜಲಾಶಯಗಳಲ್ಲಿ ಜನರಿಗೆ ಪಾರ್ಕು, ಕ್ಯಾಂಪು ಮಾಡಿಕೊಡಲು ಕೋರ್‌ಗೆ ಅಧಿಕಾರ ಕೊಟ್ಟಿತು. ಡಲ್ಲಾಸ್ ಸುತ್ತ ನೀರಿನ ಪಕ್ಕ ಮನೆ ಕಟ್ಟುವ ಒಂದು ಸೈಟಿಗೆ ಎಷ್ಟು ರೇಟು ಅಂತ ನಿಮಗೇ ಗೊತ್ತು. ಇಲ್ಲಿ ಸ್ವಲ್ಪ ದುಡ್ಡು ಕೊಟ್ಟು ಯಾರು ಬೇಕಾದರೂ ಅಲೆಯ ಸದ್ದು ಕೇಳಿಕೊಂಡು ಮಲಗಬಹುದು. ನನಗೆ ಇದು ತುಂಬಾ ದೊಡ್ಡ ವಿಷಯ.

ನೀರು ರಾತ್ರೋರಾತ್ರಿ ಟೆಂಟಿಗೆ ನುಗ್ಗುತ್ತದಾ ಅನ್ನುವ ಭಯ ಬೇಡ. ಇಷ್ಟು ದೊಡ್ಡ ಕೆರೆ ನಿಧಾನವಾಗಿ ಏರುತ್ತದೆ, ಅವರು ಮೊದಲೇ ಮುಚ್ಚುತ್ತಾರೆ. ಆದರೆ ಒಂದು ವಿಷಯ ತುಂಬಾ ಜನಕ್ಕೆ ಹೊಳೆಯುವುದಿಲ್ಲ. ಫ್ರಿಸ್ಕೋದಲ್ಲಿ ಬಿಸಿಲಿದ್ದರೆ ಟೆಕ್ಸೋಮಾ ಸುರಕ್ಷಿತ ಅಂತ ಅಲ್ಲ. ಇದಕ್ಕೆ ನೀರು ಬರುವ ನೆಲ ಸುಮಾರು 40,000 ಚದರ ಮೈಲಿ. ಅಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ಜಾಸ್ತಿ. ಪಶ್ಚಿಮ ಒಕ್ಲಹೋಮಾದಲ್ಲಿ ಬಿದ್ದ ಮಳೆ ವಾಶಿಟಾ ನದಿ ಹಿಡಿದು ದಿನಗಳ ನಂತರ ಇಲ್ಲಿ ಮುಟ್ಟುತ್ತದೆ. ಏರಿದ್ದು ಇಳಿಯಲು ವಾರಗಟ್ಟಲೆ ಬೇಕು. ಮಳೆ ನಿಂತು ಎಷ್ಟೋ ದಿನವಾದರೂ ಕ್ಯಾಂಪ್ ಮುಚ್ಚಿರುವುದು ಇದಕ್ಕೇ.

ಮೇ, ಜೂನ್ ಇಲ್ಲಿ ಮಳೆ ಜಾಸ್ತಿ. 2015ರಲ್ಲಿ ನೀವು ಹೇಳಿದ ಅದೇ ಲಾಂಗ್ ವೀಕೆಂಡ್ ಹೊತ್ತಿಗೆ ನೀರು ಕೋಡಿ ಬಿತ್ತು. ಆಮೇಲೆ 645 ಅಡಿಯನ್ನೂ ದಾಟಿತು. 1957, 1990, 2007ರಲ್ಲೂ ಕೋಡಿ ಬಿದ್ದಿತ್ತು. ಅಷ್ಟು ದೊಡ್ಡದು ಅಪರೂಪ. ಆದರೆ ನಾಲ್ಕೈದು ಅಡಿ ಏರುವುದು ಅಪರೂಪ ಅಲ್ಲ. ಟಲ್ಸಾ ವಿಭಾಗದ ವೆಬ್‌ಸೈಟಿನಲ್ಲಿ ಇವತ್ತಿನ ಮಟ್ಟ, ಒಳಹರಿವು, ಹೊರಹರಿವು ಮೂರೂ ಸಿಗುತ್ತವೆ. 620 ದಾಟಿತು ಅಂದರೆ ನಾನು ಬೆಳಗ್ಗೆ ಸಂಜೆ ನೋಡುತ್ತೇನೆ. ಒಳಹರಿವು ಹೊರಹರಿವಿಗಿಂತ ತುಂಬಾ ಜಾಸ್ತಿ ಇದ್ದರೆ ಬೇರೆ ಜಾಗ ಹುಡುಕಲು ಶುರು ಮಾಡುತ್ತೇನೆ.

ಬುಕಿಂಗ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ. ಆರು ತಿಂಗಳು ಮೊದಲೇ ತೆರೆಯುತ್ತದೆ, ಲಾಂಗ್ ವೀಕೆಂಡ್ ಬೇಗ ತುಂಬಿಹೋಗುತ್ತದೆ. ಅವರೇ ನೀರು ಬಂತು ಅಂತ ಮುಚ್ಚಿದರೆ ದುಡ್ಡು ಪೂರ್ತಿ ವಾಪಸ್ ಬರುತ್ತದೆ. ನೀವೇ ಕ್ಯಾನ್ಸಲ್ ಮಾಡಿದರೆ ಸ್ವಲ್ಪ ಹಿಡಿದುಕೊಳ್ಳುತ್ತಾರೆ. ಸೈಟ್ ಆರಿಸುವಾಗ ನೀರಿಗೆ ಅಂಟಿಕೊಂಡಿದ್ದು ಬೇಡ, ಒಂದು ಸಾಲು ಮೇಲೆ, ಶೌಚಾಲಯಕ್ಕೆ ಹತ್ತಿರ ಇರುವುದನ್ನು ಹಿಡಿಯಿರಿ. ಅತ್ತೆಯವರ ಮಂಡಿಗೂ ಅದೇ ಅನುಕೂಲ. ಒಕ್ಲಹೋಮಾ ಕಡೆ ಬರ್ನ್ಸ್ ರನ್ ಅಣೆಕಟ್ಟಿಗೆ ಹತ್ತಿರ. ಟೆಕ್ಸಸ್ ಕಡೆ ಜೂನಿಪರ್ ಪಾಯಿಂಟ್ ಚೆನ್ನಾಗಿದೆ. ಐಸೆನ್‌ಹೋವರ್ ಸ್ಟೇಟ್ ಪಾರ್ಕ್ ಬಂಡೆಯ ದಂಡೆ ಮೇಲಿದೆ. ಅದರ ಬುಕಿಂಗ್ ಬೇರೆ, ಟೆಕ್ಸಸ್ ಸರ್ಕಾರದ ಪಾರ್ಕ್ ಇಲಾಖೆಯಲ್ಲಿ. ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಹುಟ್ಟಿದ್ದು ಡೆನಿಸನ್‌ನಲ್ಲೇ.

62 ದಾಟಿದವರ ಸೀನಿಯರ್ ಪಾಸ್ ಇದ್ದರೆ ಕೋರ್‌ನ ಕ್ಯಾಂಪಿನಲ್ಲಿ ಅರ್ಧ ದುಡ್ಡು. ಆದರೆ ಅದು ಇಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ವಿಸಿಟರ್ ವೀಸಾದಲ್ಲಿ ಬಂದ ಅತ್ತೆ ಮಾವನಿಗೆ ಸಿಗುವುದಿಲ್ಲ.

ಬೋಟ್ ಬಗ್ಗೆ. ಪಾಂಟೂನ್ ಅಂತ ಕೇಳಿ. ಅಗಲವಾಗಿ, ಚಪ್ಪಟೆಯಾಗಿ ಇರುತ್ತದೆ, ಮೇಲೆ ನೆರಳು, ಸುತ್ತ ಸೋಫಾ. ಹತ್ತಿ ಇಳಿಯಲು ವಯಸ್ಸಾದವರಿಗೆ ಸುಲಭ. ಬೆಳಗ್ಗೆಯೇ ತೆಗೆದುಕೊಳ್ಳಿ. ಮಧ್ಯಾಹ್ನ ದಕ್ಷಿಣದ ಗಾಳಿ ಎದ್ದರೆ ಬಯಲು ನೀರಿನಲ್ಲಿ ಅಲೆ ಜೋರಾಗುತ್ತದೆ. ದಂಡೆಯೊಳಗೆ ಚಾಚಿಕೊಂಡ ಕಿರಿದಾದ ಜಾಗಗಳಲ್ಲಿ ಇದ್ದರೆ ನೀರು ಶಾಂತವಾಗಿರುತ್ತದೆ. ಟೆಕ್ಸಸ್‌ನಲ್ಲಿ 26 ಅಡಿಗಿಂತ ಚಿಕ್ಕ ದೋಣಿ ಚಲಿಸುವಾಗ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ಹಾಕಿರಲೇಬೇಕು. ನಾನಂತೂ ಹೇಳುವುದು, ಆರು ಜನವೂ ಹಾಕಿಕೊಳ್ಳಿ. ಮಾವನವರಿಗೆ ನಾಲೆಯಲ್ಲಿ ಈಜಿ ಅಭ್ಯಾಸ ಇರಬಹುದು. ಆದರೂ ಹಾಕಿಸಿ. ಮತ್ತೆ, 1993ರ ಸೆಪ್ಟೆಂಬರ್ 1ರಿಂದ ಈಚೆಗೆ ಹುಟ್ಟಿದವರು 15 ಎಚ್‌ಪಿಗಿಂತ ದೊಡ್ಡ ಬೋಟ್ ಓಡಿಸಲು ಬೋಟರ್ ಎಜುಕೇಷನ್ ಸರ್ಟಿಫಿಕೇಟ್ ಬೇಕು. ಬಾಡಿಗೆ ಕೊಡುವವರ ಹತ್ತಿರ ಮೊದಲೇ ಕೇಳಿಕೊಳ್ಳಿ.

ನೀರು ಏರಿ ಇಳಿದ ವಾರದಲ್ಲಿ ಮರದ ದಿಮ್ಮಿಗಳು ತೇಲುತ್ತಿರುತ್ತವೆ, ಅರ್ಧ ಮುಳುಗಿದ್ದು ಕಾಣುವುದೇ ಇಲ್ಲ. ಆಗ ನಿಧಾನ ಓಡಿಸಿ. ಕತ್ತಲಾದ ಮೇಲೆ ಬೋಟ್ ಬೇಡವೇ ಬೇಡ. ಅಣೆಕಟ್ಟಿನ ಕೆಳಗಿನ ನದಿಯಲ್ಲಿ ಮಕ್ಕಳನ್ನು ನೀರಿಗೆ ಬಿಡಬೇಡಿ. ಅಲ್ಲಿ ಕರೆಂಟ್ ತಯಾರಿಸಲು ನೀರು ಬಿಟ್ಟಾಗ ಬೇಗ ಏರುತ್ತದೆ. ಸೈರನ್ ಕೇಳಿದರೆ ತಕ್ಷಣ ದಂಡೆ ಹತ್ತಬೇಕು.

ಅಲೆನ್_ಶಿರಸಿ:

ಘಟಪ್ರಭಾ ಅವರು ನೀರಿನ ಬಗ್ಗೆ ಎಲ್ಲ ಹೇಳಿದ್ದಾರೆ. ನಾನು ಹುಲ್ಲಿನ ಬಗ್ಗೆ ಹೇಳುತ್ತೇನೆ.

ಉಣುಗು ಇದೆ. ನಮ್ಮ ಕಡೆ ದನದ ಮೈಮೇಲೆ ಇರುತ್ತದಲ್ಲ, ಅದರ ಜಾತಿಯೇ. ಮಕ್ಕಳಿಗೆ ಉದ್ದ ಪ್ಯಾಂಟ್, ಸಾಕ್ಸ್ ಹಾಕಿಸಿ. ರಾತ್ರಿ ಮಲಗುವ ಮೊದಲು ಕಂಕುಳು, ಕಿವಿ ಹಿಂದೆ, ಮಂಡಿ ಸಂದು ನೋಡಿ. ಚಿಗ್ಗರ್ ಅಂತ ಇನ್ನೊಂದು ಹುಳ, ಕಣ್ಣಿಗೆ ಕಾಣುವುದಿಲ್ಲ, ವಾರ ಪೂರ್ತಿ ತುರಿಸುತ್ತದೆ. ಮೂರು ಮೂರು ಎಲೆ ಇರುವ ಬಳ್ಳಿ ಮುಟ್ಟಬಾರದು ಅಂತ ಐದು ವರ್ಷದ ಮಗುವಿಗೂ ಹೇಳಿಕೊಡಿ, ಅದು ಪಾಯ್ಸನ್ ಐವಿ. ಕಾಪರ್‌ಹೆಡ್ ಹಾವು ಒಣ ಎಲೆಯ ಬಣ್ಣಕ್ಕೇ ಇರುತ್ತದೆ. ರಾತ್ರಿ ಟಾರ್ಚ್ ಇಲ್ಲದೆ ಶೌಚಾಲಯಕ್ಕೆ ಹೋಗಬೇಡಿ. ಅತ್ತೆಯವರಿಗೂ ಚಪ್ಪಲಿ ಬೇಡ, ಶೂ ಹಾಕಿಸಿ.

ಅಡುಗೆ ಸುಲಭ. ಸೈಟಿನಲ್ಲಿ ಮೇಜು, ಬೆಂಕಿ ಹಾಕುವ ಜಾಗ ಇರುತ್ತದೆ. ಕರೆಂಟ್ ಇರುವ ಸೈಟ್ ತೆಗೆದುಕೊಂಡರೆ ರೈಸ್ ಕುಕ್ಕರ್ ತೆಗೆದುಕೊಂಡು ಹೋಗಬಹುದು. ನಾವು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮೊಸರು ಒಯ್ಯುತ್ತೇವೆ. ಅನ್ನ ಮಾತ್ರ ಅಲ್ಲಿ. ಸಂಜೆ ಕೆಂಡದ ಮೇಲೆ ಜೋಳ ಸುಟ್ಟು ಉಪ್ಪು ಖಾರ ನಿಂಬೆಹಣ್ಣು ಸವರಿದರೆ ಮಕ್ಕಳು ಬೇರೆ ಏನೂ ಕೇಳುವುದಿಲ್ಲ. ಉಳಿದದ್ದನ್ನು ರಾತ್ರಿ ಕಾರಿನೊಳಗೆ ಇಡಿ, ರಕೂನ್ ಬಂದು ಡಬ್ಬಿ ತೆಗೆಯುತ್ತದೆ. ಸೌದೆ ಮನೆಯಿಂದ ಬೇಡ, ಅಲ್ಲೇ ಕೊಳ್ಳಿ. ಸೌದೆಯ ಜೊತೆ ಮರ ತಿನ್ನುವ ಹುಳ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುತ್ತದೆ.

ಮೇ ತಿಂಗಳು ಅಂದರೆ ಗುಡುಗು ಸಿಡಿಲು. ಟೆಂಟ್ ಸಿಡಿಲಿಗೆ ರಕ್ಷಣೆ ಅಲ್ಲ. ಗುಡುಗಿದ ತಕ್ಷಣ ಎಲ್ಲರೂ ಕಾರಿನೊಳಗೆ. ನಮ್ಮ ಮನೆಯಲ್ಲಿ ಈ ನಿಯಮಕ್ಕೆ ಯಾರೂ ಎದುರು ಮಾತಾಡುವ ಹಾಗಿಲ್ಲ.

ಫ್ರಿಸ್ಕೋ_ಮಂಡ್ಯ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಮಾವನಿಗೆ ಓದಿ ಹೇಳಿದೆ. ಅವರು ಒಂದು ಪ್ರಶ್ನೆ ಕೇಳಿದರು, ನನಗೆ ಉತ್ತರ ಹೇಳಲು ಆಗಲಿಲ್ಲ. "ಕನ್ನಂಬಾಡಿಲಿ 124.80 ಅಡಿ ತುಂಬಿದ್ರೆ ಮುಖ್ಯಮಂತ್ರಿ ಬಂದು ಬಾಗಿನ ಬಿಡ್ತಾರೆ. ಇಲ್ಲಿ ಅಷ್ಟು ಜಾಗ ಖಾಲಿ ಇಟ್ಕೊಂಡು ಕೂತವ್ರಲ್ಲ, ತುಂಬಿಸ್ಕೊಂಡ್ರೆ ಬೇಸಿಗೆಗೆ ಆಗಲ್ವಾ?" ಅಂತ. ಘಟಪ್ರಭಾ ಅಣ್ಣ, ನೀವೇ ಹೇಳಬೇಕು.

ಘಟಪ್ರಭಾ:

ಮಾವನವರ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಕನ್ನಂಬಾಡಿಗೆ ಮಳೆಗಾಲ ಬರುವುದು ವರ್ಷಕ್ಕೆ ಒಂದು ಹೊತ್ತಿನಲ್ಲಿ. ಆ ನೀರು ಹಿಡಿದಿಟ್ಟರೆ ಮಂಡ್ಯದ ಭತ್ತ, ಕಬ್ಬು, ಬೆಂಗಳೂರು ಮೈಸೂರಿನ ಕುಡಿಯುವ ನೀರು. ಆದ್ದರಿಂದ ತುಂಬಿದರೆ ಹಬ್ಬ, ಅದು ಸರಿಯೇ. ಟೆಕ್ಸೋಮಾದಲ್ಲೂ ಕುಡಿಯುವ ನೀರು, ಕರೆಂಟು ಎಲ್ಲ ಇದೆ, ಅದಕ್ಕೆ 617ರ ಕೆಳಗಿನ ನೀರು. ಆದರೆ ಇದನ್ನು ಕಟ್ಟಿಸಿದ ಮುಖ್ಯ ಕಾರಣ ರೆಡ್ ನದಿಯ ಪ್ರವಾಹ. ಮೇಲಿನ 23 ಅಡಿಯನ್ನೂ ತುಂಬಿಸಿಟ್ಟರೆ ಮುಂದಿನ ದೊಡ್ಡ ಮಳೆಯ ನೀರು ಇಡಲು ಜಾಗವೇ ಇರುವುದಿಲ್ಲ. ಬಂದದ್ದೆಲ್ಲ ಹಾಗೇ ಕೆಳಗಿನವರ ಮನೆಗೆ ಹೋಗುತ್ತದೆ. ಖಾಲಿ ಇರುವುದೇ ಅದರ ಕೆಲಸ.

ಒಂದೇ ಡ್ಯಾಮಿನಲ್ಲಿ ಈ ಎರಡೂ ಆಸೆಗಳು ಜಗಳ ಆಡುತ್ತವೆ. ನಾನು ಬಾಗಲಕೋಟೆಯವನು. ನಮ್ಮ ಆಲಮಟ್ಟಿಗೆ 519.60 ಮೀಟರ್ ತುಂಬಬೇಕು ಅಂತ ನಾವು ಬೇಡಿಕೊಳ್ಳುತ್ತೇವೆ. 2019ರ ಆಗಸ್ಟ್‌ನಲ್ಲಿ ಸಾಂಗ್ಲಿ, ಕೊಲ್ಲಾಪುರ ಮುಳುಗಿದಾಗ ಮೇಲಿನವರು ಆಲಮಟ್ಟಿಯ ಮಟ್ಟದ ಕಡೆ ಬೆರಳು ತೋರಿಸಿದರು. ಅವರ ವಾದ ಎಷ್ಟು ಸರಿ ಅನ್ನುವುದು ಬೇರೆ ಚರ್ಚೆ. ಆದರೆ ಮಳೆಗಾಲದಲ್ಲಿ ಎಷ್ಟು ಜಾಗ ಖಾಲಿ ಬಿಡಬೇಕು ಅನ್ನುವುದು ನಮ್ಮಲ್ಲೂ ಜೀವದ ಪ್ರಶ್ನೆ. ಟೆಕ್ಸೋಮಾದಲ್ಲಿ ಕಟ್ಟುವ ಮೊದಲೇ ಆ ಗೆರೆ ಎಳೆದಿಟ್ಟರು. ಅದನ್ನು ನೋಡಿದಾಗೆಲ್ಲ ನನಗೆ ಊರಿನ ನೆನಪಾಗುತ್ತದೆ.

ಮತ್ತೊಂದು ಮಾತು ಮಾವನವರಿಗೆ ಹೇಳಿ. ಈ ನೀರಿನ ಕೆಳಗೂ ಊರುಗಳಿವೆ. ಟೆಕ್ಸಸ್ ಕಡೆ ಪ್ರೆಸ್ಟನ್, ಹ್ಯಾಗರ್‌ಮನ್. ಒಕ್ಲಹೋಮಾ ಕಡೆ ಹಳೇ ವುಡ್‌ವಿಲ್. ನಮ್ಮ ಹಳೇ ಬಾಗಲಕೋಟೆಯ ಓಣಿಗಳು ಹಿನ್ನೀರಿಗೆ ಹೋಗಿ ನಮ್ಮವರು ನವನಗರಕ್ಕೆ ಬಂದರು. ಬೋಟಿನಲ್ಲಿ ಪ್ರೆಸ್ಟನ್ ಕಡೆ ಹೋದಾಗ ನಾನು ಇಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮನೆ ಬಿಟ್ಟುಕೊಟ್ಟವರ ದೆಸೆಯಿಂದ ಕೆಳಗಿನವರು ನಿದ್ದೆ ಮಾಡುತ್ತಾರೆ, ನಾವು ರಜಾ ಕಳೆಯುತ್ತೇವೆ. ಅವರನ್ನು ನೆನೆಯಬೇಕು ಅನಿಸುತ್ತದೆ.

ಶೆರ್ಮನ್_ಕುಂದಾಪುರ:

ನಾನು ಹತ್ತಿರದವನು, ಮೀನಿನ ಆಸೆಗೆ ಹೋಗುವವನು. ನೀವು ತಿನ್ನದಿದ್ದರೂ ಮಾವನವರಿಗೆ ಕೇಳಲು ಖುಷಿಯಾಗಬಹುದು. ಟೆಕ್ಸೋಮಾದ ಸ್ಟ್ರೈಪ್ಡ್ ಬಾಸ್ ನಿಜವಾಗಿ ಸಮುದ್ರದ ಮೀನು, ಮೊಟ್ಟೆ ಇಡಲು ನದಿಗೆ ಹತ್ತುತ್ತದೆ. 1960ರ ದಶಕದಲ್ಲಿ ಇಲ್ಲಿಗೆ ತಂದು ಬಿಟ್ಟರು. ಪಶ್ಚಿಮದ ಉಪ್ಪಿನ ನೆಲದಿಂದ ಬರುವ ರೆಡ್ ನದಿಯ ನೀರು ಸ್ವಲ್ಪ ಉಪ್ಪು. ಮೊಟ್ಟೆ ತೇಲಿಕೊಂಡು ಹೋಗಲು ಉದ್ದದ ಹರಿಯುವ ನದಿಯೂ ಇದೆ. ಆದ್ದರಿಂದ ಸಮುದ್ರ ಇಲ್ಲದೆಯೂ ತಾನಾಗೇ ಮರಿ ಮಾಡುತ್ತದೆ. ಇಂಥ ಕೆರೆ ಬಹಳ ಕಡಿಮೆ. ಗಾಳ ಹಾಕುವುದಾದರೆ ಎರಡೂ ರಾಜ್ಯದ ನೀರಿಗೆ ಆಗುವ ಟೆಕ್ಸೋಮಾ ಲೈಸೆನ್ಸ್ ಅಂತಲೇ ಸಿಗುತ್ತದೆ.

ಇನ್ನೊಂದು, ಬಾಡಿಗೆ ಬೋಟ್ ತೆಗೆದುಕೊಳ್ಳುವ ಮೊದಲು ಸುತ್ತ ವೀಡಿಯೊ ಮಾಡಿಕೊಳ್ಳಿ. ಒಂದು ಕಡೆ ನಮಗೆ ಹಳೇ ಗೀರಿಗೆ ದುಡ್ಡು ಕೇಳಿದರು, ವೀಡಿಯೊ ತೋರಿಸಿದ ಮೇಲೆ ಬಿಟ್ಟರು.

ಸ್ವಂತ ಕಯಾಕ್ ಇದ್ದರೆ ಬೇರೆ ಕೆರೆಗೆ ಇಳಿಸುವ ಮೊದಲು ನೀರು ಚೆಲ್ಲಿ ಒಣಗಿಸಿ. 2009ರಲ್ಲಿ ಇಲ್ಲಿ ಜೀಬ್ರಾ ಮಸೆಲ್ ಅನ್ನುವ ಚಿಕ್ಕ ಚಿಪ್ಪಿನ ಜೀವಿ ಸಿಕ್ಕಿತು. ಪೈಪುಗಳಿಗೆ ಅಂಟಿ ಕೂರುತ್ತದೆ. ಅದು ಲಾವನ್‌ಗೆ ಸೇರಬಾರದು ಅಂತ ಟೆಕ್ಸೋಮಾದಿಂದ ಡಲ್ಲಾಸ್ ಉತ್ತರದ ಊರುಗಳಿಗೆ ಹೋಗುತ್ತಿದ್ದ ನೀರನ್ನೇ ವರ್ಷಗಟ್ಟಲೆ ನಿಲ್ಲಿಸಿದ್ದರು. ಆಮೇಲೆ ನೇರ ಪೈಪ್ ಹಾಕಬೇಕಾಯಿತು.

ಫ್ರಿಸ್ಕೋ_ಮಂಡ್ಯ:

ಬರ್ನ್ಸ್ ರನ್‌ನಲ್ಲಿ ಮೇಲಿನ ಸಾಲಿನಲ್ಲಿ ಕರೆಂಟ್ ಇರುವ ಸೈಟ್ ಸಿಕ್ಕಿತು! ಯಾರೋ ಕ್ಯಾನ್ಸಲ್ ಮಾಡಿದ್ದಿರಬೇಕು. ಪಾಂಟೂನ್ ಭಾನುವಾರ ಬೆಳಗ್ಗೆಗೆ ಹೇಳಿದ್ದೇನೆ. ಇವತ್ತು ಮಟ್ಟ 618ರ ಆಸುಪಾಸು ಇದೆ. ಆ ವೆಬ್‌ಸೈಟನ್ನು ಮಾವನ ಫೋನಿನಲ್ಲೂ ಹಾಕಿಕೊಟ್ಟೆ. ಈಗ ಬೆಳಗ್ಗೆ ಕಾಫಿ ಜೊತೆ ಒಳಹರಿವು ಎಷ್ಟು ಅಂತ ಅವರೇ ನಮಗೆ ಹೇಳುತ್ತಾರೆ. ಅಕಸ್ಮಾತ್ ನೀರು ಏರಿದರೆ ಏನು ಮಾಡೋಣ?

ಘಟಪ್ರಭಾ:

ಏರಿ ಮುಚ್ಚಿದರೆ ದುಡ್ಡು ಬರುತ್ತದೆ, ಚಿಂತೆ ಬೇಡ. ಆಗಲೂ ಒಂದು ದಿನದ ಮಟ್ಟಿಗೆ ಡೆನಿಸನ್‌ಗೆ ಹೋಗಿ. ಅಣೆಕಟ್ಟಿನ ಮೇಲೆಯೇ 91ನೇ ರಸ್ತೆ ಇದೆ. ಅದು ತೆರೆದಿದೆಯಾ ಅಂತ ನೋಡಿಕೊಂಡು ಹೋದರೆ ಮಾವನವರು ಕಾರಿನಲ್ಲಿ ಕೂತೇ ಎರಡು ರಾಜ್ಯ ನೋಡಬಹುದು. ಖಾಲಿ ಇಟ್ಟ ಜಾಗಕ್ಕೆ ನೀರು ಬಂದು ಸೇರುವುದನ್ನು ಕಣ್ಣಾರೆ ನೋಡಿದರೆ ಅವರ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಸಿಗುತ್ತದೆ. ಕ್ಯಾಂಪಿಂಗ್ ಅಕ್ಟೋಬರ್‌ಗೆ ಇಟ್ಟುಕೊಳ್ಳಿ. ಆಗ ಬಿಸಿಲೂ ಕಡಿಮೆ, ಹುಳವೂ ಕಡಿಮೆ. ಅತ್ತೆ ಮಾವ ಚಳಿಗಾಲದವರೆಗೂ ಇರುವುದಾದರೆ ಹ್ಯಾಗರ್‌ಮನ್ ಪಕ್ಷಿಧಾಮಕ್ಕೂ ಕರೆದುಕೊಂಡು ಹೋಗಿ. ಸ್ನೋ ಗೂಸ್ ಅನ್ನುವ ಬಿಳಿ ಬಾತುಗಳು ಸಾವಿರಗಟ್ಟಲೆ ಬಂದು ಹೊಲದಲ್ಲಿ ಇಳಿಯುತ್ತವೆ. ಕಾರಿನಿಂದಲೇ ಕಾಣುತ್ತವೆ, ಮಂಡಿ ನೋವಿಗೂ ತೊಂದರೆ ಇಲ್ಲ.

ಹೊರಡುವ ಹಿಂದಿನ ದಿನ ಮೂರೂ ಸಂಖ್ಯೆ ಇಲ್ಲಿ ಹಾಕಿ, ನಾನೂ ನೋಡಿ ಹೇಳುತ್ತೇನೆ.